ಬ್ರೇಕಿನ ಕೆಂಪು ದೀಪ

ಹರಿಹರದಲ್ಲಿ ತಂಗಿಯ ಮನೆಗೆ ಬಂದವಳು ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದೆ. ಯಜಮಾನರ ಫೋನು ಬಂತು. ಹೆದ್ದಾರಿಯಲ್ಲಿ ಬ್ರೇಕ್ ತುಳಿದರೂ ನಮ್ಮ ಹಳೇ ಕಾರಿನಲ್ಲಿ ಕಾಲಿಡದೆಯೇ ಒಂದೇ ವೇಗದಲ್ಲಿ ಓಡಿಸುವ ಕ್ರೂಸ್ ಕಂಟ್ರೋಲ್ ಹಿಡಿದ ವೇಗ ಬಿಡಲಿಲ್ಲವಂತೆ. ಬಟನ್ ಒತ್ತಿ ಅದನ್ನು ಬಂದ್ ಮಾಡಿದ್ದರಿಂದ ಮುಂದಿದ್ದ ಲಾರಿಗೆ ಗುದ್ದದೆ ಉಳಿದರು. ಬಸ್ಸು ಹಿಡಿದು, ಅವರು ಕಾರು ಒಯ್ದಿದ್ದ ದಾವಣಗೆರೆಯ ಕರೂರಿನ ಗ್ಯಾರೇಜಿಗೆ ಹೋದೆ.

ಮೆಕ್ಯಾನಿಕ್ ಬ್ರೇಕ್ ಪೆಡಲಿನ ಮೇಲ್ಗಡೆಯಿಂದ ಹೆಬ್ಬೆರಳಷ್ಟು ಸ್ವಿಚ್ ಬಿಚ್ಚಿ ತೋರಿಸಿದರು. ಅದರ ಗುಂಡಿ ಹಳದಿಯಾಗಿ ಅಂಟಿಕೊಂಡಿತ್ತು.

"ಬ್ರೇಕ್ ತುಳಿದ್ರೆ ಕ್ರೂಸ್ ಬಿಡಿಸೋದು ಇದೇ ರೀ, ಹಿಂದಿನ ಕೆಂಪು ದೀಪ ಹಚ್ಚೋದೂ ಇದೇ. ಆಯುಧಪೂಜೆಗೆ ಅರಿಷಿಣ ಕಲಸಿ ಬಳಿದವರು ಯಾರು, ಅಕ್ಕಾರ?"

ನಾನೇ. ಅವರ ಜೀವ ಕಾಯುವುದು ಅದೇ ಎಂದು ಬ್ರೇಕಿಗೆ ಮಾತ್ರ ಬುಡದವರೆಗೂ ಎರಡೆರಡು ಸಲ ಬಳಿದಿದ್ದೆ.

"ಇವಳ ಕೈ ಸ್ವಲ್ಪ ಧಾರಾಳ ಐತೆ" ಅಂದರು ಯಜಮಾನರು. ಬೈಯಲಿಲ್ಲ. ಅದೂ ದೇವರ ದಯೆ.

ಹೊಸ ಸ್ವಿಚ್ ಕೂರಿಸಿ, "ಹಿಂದೆ ನಿಂತು ನೋಡ್ರಿ" ಅಂದರು ಮೆಕ್ಯಾನಿಕ್. ಯಜಮಾನರು ಬ್ರೇಕ್ ತುಳಿದರು. ಕೆಂಪು ದೀಪ ಹತ್ತಿತು. ಮಂಗಳಾರತಿಗೆ ಮುಗಿಯುವಂತೆ ಕೈ ಮುಗಿದೆ.

ಸಂಜೆ ವಾಪಸು ಬಂದಾಗ ಮೊರ ಅಲ್ಲೇ ಇತ್ತು. ಆಗಲೇ ಆರಿಸಿಟ್ಟಿದ್ದ ಅಕ್ಕಿಯನ್ನೂ ಸುರಿದುಕೊಂಡು ಮೊದಲಿಂದ ಆರಿಸಿದೆ.