ಅಳತೆಗೆ ಪೋಣಿಸಿದ ಮಣಿಗಳು

ಭಾನುವಾರ, ಬೆಳಗ್ಗೆ ಹತ್ತು ಗಂಟೆ. ಗ್ರೇಟರ್ ನೋಯ್ಡಾದ ಮನೆಯಲ್ಲಿ ನಾನು ಮತ್ತು ಮೊಮ್ಮಗಳು. ಹೊಲಿಗೆ ಡಬ್ಬಿ ಒಪ್ಪಮಾಡುತ್ತಿದ್ದೆವು. ತಳದಲ್ಲಿ ಮೇಣ ಹಚ್ಚಿದ ದಾರದ ಉಂಡೆ ಸಿಕ್ಕಿತು. ಮೂಸಿದೆ. ಎದುರು ಮನೆಯವಳು ನೆನಪಾದಳು...

ವರ್ಷಗಳ ಹಿಂದೆ ನಾವು ದಕ್ಷಿಣ ದೆಹಲಿಯಲ್ಲಿದ್ದೆವು. ಎದುರು ಫ್ಲ್ಯಾಟಿನಲ್ಲಿ ಮಗು ನೋಡಿಕೊಳ್ಳಲು ಫಿಲಿಪೀನ್ಸಿನಿಂದ ಬಂದವಳು ಅವಳು. ಅಲ್ಲಿನ ಬೆಟ್ಟದ ಬುಡಕಟ್ಟಿನವಳು. ಪಾಸ್‌ಪೋರ್ಟ್ ಯಜಮಾನಿಯ ಬೀರುವಿನಲ್ಲಿತ್ತು. ಮನೆಯವರು ಹೊರಟರೆ ಕಬ್ಬಿಣದ ಜಾಲರಿ ಬಾಗಿಲಿಗೆ ಹೊರಗಿನಿಂದ ಬೀಗ. ನಮ್ಮ ಮಾತೆಲ್ಲ ಆ ಸರಳುಗಳ ನಡುವೆಯೇ, ಮುರುಕು ಹಿಂದಿಯಲ್ಲಿ.

ಅವಳ ಕೊರಳಲ್ಲಿ ತಾಯಿಯಿಂದ ಮಗಳಿಗೆ ಬಂದ ಮಣಿಸರವಿತ್ತು. ಕೆಂಪು ಕಲ್ಲು, ಹಳದಿ ಗಾಜು, ಕಪ್ಪು ಗಾಜು. ಒಂದೊಂದನ್ನೇ ಮುಟ್ಟುತ್ತ ಏನೋ ಗೊಣಗುತ್ತಿದ್ದಳು. ಜಪವೆಂದುಕೊಂಡಿದ್ದೆ.

ಒಂದು ದಿನ ಸರವನ್ನು ಸರಳಿನ ಸಂದಿಯಿಂದ ಚಾಚಿದಳು. "ಆಂಟಿ, ಮಗು ಹಿಡಿದು ಎಳೀತಾನೆ. ಮೇಡಂ ಬಿಸಾಕ್ತೀನಿ ಅಂತಾರೆ. ಸ್ವಲ್ಪ ದಿನ ಇಟ್ಕೊಳ್ಳಿ."

ಇಟ್ಟುಕೊಳ್ಳಲು ಹೇಳಿದ್ದಳು, ಅಷ್ಟೇ. ದಾರ ಸವೆದಿತ್ತು. ದೊಡ್ಡ ಮಣಿಯ ಪಕ್ಕ ಸಣ್ಣದು, ಕೆಂಪಿನ ಪಕ್ಕ ಕಪ್ಪು... ನನ್ನ ಕಣ್ಣಿಗೆ ಅದು ಹಿಡಿಸಲಿಲ್ಲ. ಬಿಚ್ಚಿ, ತೊಳೆದು, ದೊಡ್ಡವು ನಡುವೆ ಬರುವಂತೆ ಅಳತೆ ನೋಡಿ ಮೇಣದ ದಾರದಲ್ಲಿ ಪೋಣಿಸಿದೆ. ವಾರದ ನಂತರ ಹೆಮ್ಮೆಯಿಂದ ಕೊಟ್ಟೆ.

ಅವಳ ಬೆರಳು ಮೊದಲ ಮಣಿಯ ಮೇಲೆ ಸರಿಯಿತು. ಒಂದು ಹೆಸರು ಹೇಳಿದಳು. ಎರಡನೆಯ ಮಣಿಯಲ್ಲಿ ಬೆರಳು ನಿಂತಿತು.

"ಇದು ಯಾರು?" ಎಂದಳು.

ಅವಳು ಗೊಣಗುತ್ತಿದ್ದುದು ಜಪವಲ್ಲ, ಹೆಸರುಗಳೆಂದು ಆಗ ತಿಳಿಯಿತು. ಒಂದೊಂದು ಮಣಿ ಅವಳ ಮನೆತನದ ಒಬ್ಬೊಬ್ಬ ಹೆಂಗಸಿನದು. ತಾಯಿ, ಅವಳ ತಾಯಿ, ಅದಕ್ಕೂ ಹಿಂದಿನವರು.

"ನೆನಪು ಮಾಡ್ಕೋಮ್ಮ, ಮತ್ತೆ ಪೋಣಿಸೋಣ," ಎಂದೆ.

"ಬೆರಳಿಗೆ ಗೊತ್ತಿತ್ತು ಆಂಟಿ, ನನಗಲ್ಲ. ಅಮ್ಮ ಇಲ್ಲ. ಊರಲ್ಲಿ ಚಿಕ್ಕಮ್ಮನಿಗೆ ಗೊತ್ತು, ಸರ ಅವರ ಕೈಗೇ ಕೊಟ್ಟರೆ ಮಾತ್ರ. ಹೋಗಬೇಕು."

ಯಜಮಾನಿಯನ್ನು ಕಂಡು ತಪ್ಪು ನನ್ನದೆಂದೆ, ಅವಳಿಗೆ ರಜೆ ಕೇಳಿದೆ. ಆಕೆ ನಕ್ಕಳು. "ಆಂಟೀಜೀ, ಒಂದು ಮಣಿಸರಕ್ಕೆ ಫಿಲಿಪೀನ್ಸಾ? ಸರೋಜಿನಿ ನಗರದ ಮಾರ್ಕೆಟ್ಟಿಗೆ ಹೋಗಿ, ಡಜನ್ ತಗೊಂಡು ಬನ್ನಿ."

ಆ ಮೇಲೆಯೂ ಅವಳು ನಾನು ಪೋಣಿಸಿದ ಸರವನ್ನೇ ಹಾಕಿಕೊಳ್ಳುತ್ತಿದ್ದಳು. ಮಣಿಗಳನ್ನು ಮಾತ್ರ ಬೆರಳಿನಿಂದ ಮುಟ್ಟುತ್ತಿರಲಿಲ್ಲ. ಒಂದು ಸಂಜೆ ನಾನು ಆಫೀಸಿನಿಂದ ಬಂದಾಗ ಎದುರು ಮನೆ ಖಾಲಿಯಾಗಿತ್ತು. ಅವಳನ್ನು ಊರಿಗೆ ಕಳಿಸಿದರೋ, ಜೊತೆಗೇ ಒಯ್ದರೋ...

"ಫಿರ್ ಕ್ಯಾ ಹುವಾ, ಅಜ್ಜಿ?" ಇಷ್ಟೂ ಕೇಳಿದ ಮೊಮ್ಮಗಳಿಗೆ ಮುಂದೇನಾಯಿತೆಂಬ ಕುತೂಹಲ.

"ಗೊತ್ತಿಲ್ಲಮ್ಮ."

"ನಿಮ್ಮ ಅಮ್ಮನ ಹೆಸರು? ಅವರ ಅಮ್ಮಂದು?"

ಎರಡನ್ನೂ ಹೇಳಿದೆ.

"ಔರ್ ಉನ್ಕೀ ಅಮ್ಮಾ? ಅವರ ಅಮ್ಮಂದು?"

ಮಧ್ಯಾಹ್ನವೆಲ್ಲ ಯೋಚಿಸಿದೆ. ಧಾರವಾಡದ ಅಕ್ಕನಿಗೆ ಫೋನ್ ಮಾಡಿದೆ, ಅವಳಿಗೂ ತಿಳಿಯದು. ಸಂಜೆ ಆರಕ್ಕೆ ಒಂದು ನೋಟ್‌ಪುಸ್ತಕ ತೆಗೆದು ಎರಡು ಹೆಸರು ಬರೆದೆ, ಮೂರನೆಯ ಸಾಲಿಗೆ ಜಾಗ ಬಿಟ್ಟೆ, ಮುಚ್ಚಿಟ್ಟೆ.