ತೂತಿಲ್ಲದ ಎಲೆ

ಈ ಪರದೇಶದ ಊರು ಕಾಪೆಲ್‌ನ ನಮ್ಮ ಹಿತ್ತಲಿಗೆ ಈ ವರ್ಷ ಚಿಟ್ಟೆಗಳು ಬರಲೇ ಇಲ್ಲ. ಅವು ಮೊಟ್ಟೆಯಿಡುವ ಮಿಲ್ಕ್‌ವೀಡ್, ನಮ್ಮ ಎಕ್ಕದ ಜಾತಿಯದು, ತರಲು ನಿನ್ನೆ ಮಗಳೊಂದಿಗೆ ನರ್ಸರಿಗೆ ಹೋಗಿದ್ದೆ. ಸಾಲು ಕುಂಡಗಳಲ್ಲಿ ಒಂದು ಎಲೆಗೂ ತೂತಿರಲಿಲ್ಲ. ಆ ನುಣುಪು ಕಂಡದ್ದೇ ಮೈಸೂರಿನ ನಮ್ಮ ಜಗಲಿ ನೆನಪಾಯಿತು.

ಸೊಪ್ಪಿನ ನಿಂಗಮ್ಮ ಅಲ್ಲಿ ಬುಟ್ಟಿ ಇಳಿಸಿದರೆ ಅಜ್ಜಿ ನೀರು ತೊಟ್ಟಿಕ್ಕುವ ಒಂದೊಂದು ಕಟ್ಟನ್ನೂ ಬಿಸಿಲಿಗೆ ಹಿಡಿದು ತೂತು ಹುಡುಕುತ್ತಿದ್ದರು. ತೂತಿದ್ದರೆ ಮಾತ್ರ ಅದು ಮೊರಕ್ಕೆ ಬೀಳುತ್ತಿತ್ತು.

"ಇಷ್ಟು ಹೊಳೀತಿದೆಯಲ್ಲ, ಏನು ಹೊಡೆದಿದೀಯೆ ಇದಕ್ಕೆ?"

"ಏನೂ ಇಲ್ಲ ಕಣ್ರವ್ವಾ."

"ಹುಳಾನೇ ಮುಟ್ಟದ್ದನ್ನ ನಾವ್ಯಾಕೆ ತಿನ್ನಬೇಕು?"

"ಹಂಗಾದ್ರೆ ಹುಳಾನೇ ತಗೊಳ್ಳಿ, ಸೊಪ್ಪು ನಾನೇ ಮಡಿಕ್ಕೋತೀನಿ."

ಇಬ್ಬರೂ ನಗುತ್ತಿದ್ದರು. ಅಜ್ಜಿಯ ಕಣ್ಣು ಮಾತ್ರ ಎಲೆ ಬಿಟ್ಟು ಕದಲುತ್ತಿರಲಿಲ್ಲ. ಪಕ್ಕದ ಮನೆಯವರಂತೆ ನಾವೂ ಚೆಂದದ ಸೊಪ್ಪು ಕೊಳ್ಳಬಾರದೇ ಎಂದು ನನಗೆ ನಾಚಿಕೆಯಾಗುತ್ತಿತ್ತು.

ನಿನ್ನೆ ನಾನೂ ಒಂದು ಕುಂಡ ಎತ್ತಿ ಎಲೆಯನ್ನು ಬಿಸಿಲಿಗೆ ಹಿಡಿದು, ಇದಕ್ಕೆ ಔಷಧಿ ಹೊಡೆದಿದ್ದೀರಾ ಎಂದು ನರ್ಸರಿಯಾಕೆಯನ್ನು ಕೇಳಿದೆ. ಒಂದು ಹುಳವೂ ಹತ್ತಿರ ಸುಳಿಯುವುದಿಲ್ಲ, ಯೋಚಿಸಬೇಡಿ ಎಂದು ಆಕೆ ಹೆಮ್ಮೆಯಿಂದ ಹೇಳಿದಳು. ನಾನು ಕುಂಡವನ್ನು ಕೆಳಗಿಟ್ಟೆ.

"ಬಟ್ ಅಮ್ಮಾ, ಲಾಸ್ಟ್ ಇಯರ್ ವಿ ಬಾಟ್ ದ ಸೇಮ್ ಒನ್ಸ್," ಎಂದಳು ಮಗಳು.

ಹೌದು. ಇಲ್ಲಿಂದಲೇ ಮೂರು ಗಿಡ ಒಯ್ದು ನೆಟ್ಟಿದ್ದೆ. ಚಿಟ್ಟೆಗಳು ನಂಬಿ ಮೊಟ್ಟೆಯಿಟ್ಟಿದ್ದವು. ಪಟ್ಟೆಪಟ್ಟೆಯ ಮರಿಹುಳಗಳು ಎರಡೇ ದಿನ ಎಲೆ ತಿಂದು, ಕಪ್ಪಾಗಿ ಉದುರಿದವು. ಆಗ ನಾನು ಇರುವೆಗಳನ್ನು ಬೈದಿದ್ದೆ.