ಕನ್ನಡಿಯ ಮೇಲೆ ಅನುಮಾನ

ಬೀಗ ರಿಪೇರಿಯವನ ಹೊಟ್ಟೆಕಿಚ್ಚಿಗೆ ಅವನ ಮದುವೆಯಷ್ಟೇ ವಯಸ್ಸು. ಪಕ್ಕದ ಮನೆಯವನ ಮಾತಿಗೆ ಹೆಂಡತಿ ನಕ್ಕರೂ ಉರಿದು ಬೀಳುತ್ತಿದ್ದ. ಅಂಥವನ ಮನೆಯಲ್ಲಿ ಅವಳು ದಿನಕ್ಕೆ ಮೂರು ಗಂಟೆ ಕನ್ನಡಿಯ ಮುಂದೆ ನಿಲ್ಲತೊಡಗಿದರೆ ಕೇಳಬೇಕೆ! ಒಲೆಯ ಮೇಲೆ ಅನ್ನ ಸೀದರೂ ಪರಿವೆಯಿಲ್ಲ. ಪೌಡರು ಹಚ್ಚುವುದು, ಒರೆಸುವುದು, ಮತ್ತೆ ಹಚ್ಚುವುದು. ಹೊರಗೆ ಹೊರಟರೆ ಮಾತ್ರ ಕಣ್ಣೆರಡು ಬಿಟ್ಟು ಮುಖವೆಲ್ಲ ಸ್ಕಾರ್ಫಿನೊಳಗೆ.

ಗುರುತು ಸಿಗಬಾರದೆಂದೇ ಮುಚ್ಚಿಕೊಳ್ಳುತ್ತಾಳೆ ಎಂದು ಅವನು ತೀರ್ಮಾನಿಸಿದ. "ಯಾರಿಗೋಸ್ಕರ ಈ ಸಿಂಗಾರ?" ಎಂದು ಕೇಳಿದರೆ ಅವಳು ಅತ್ತಳು. ಅವನಿಗೆ ಆ ಅಳುವೇ ಸಾಕ್ಷಿಯಾಯಿತು.

ಒಂದು ಮಂಗಳವಾರ ಅಂಗಡಿ ಮುಚ್ಚಿ ಅವಳ ಬೆನ್ನು ಹಿಡಿದ. ಅವಳು ಹತ್ತಿದ್ದು ಚರ್ಮದ ಡಾಕ್ಟರ ಮೆಟ್ಟಿಲು. ಒಳಗಿನಿಂದ ಡಾಕ್ಟರ ದನಿ ಕೇಳಿಸಿತು.

"ನಾಲ್ಕನೇ ಸಲ ಹೇಳ್ತಿದ್ದೀನಮ್ಮ, ನಿಮ್ಮ ಮೂಗಿಗೆ ಏನೂ ಆಗಿಲ್ಲ. ನೀವು ಮನಸ್ಸಿನ ಡಾಕ್ಟರನ್ನ ನೋಡ್ಬೇಕು."

"ಇಲ್ಲ ಸಾರ್, ಮೂಗಿನ ತುಂಬ ಗುಳಿ ಬಿದ್ದಿದೆ. ರಸ್ತೇಲಿ ಎಲ್ಲರೂ ಅದನ್ನೇ ನೋಡ್ತಾರೆ. ಸತ್ತುಹೋಗೋಣ ಅನ್ಸುತ್ತೆ."

ಅವನು ಮೆಟ್ಟಿಲ ಮೇಲೇ ಕೂತುಬಿಟ್ಟ. ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಅದಕ್ಕೂ ಮೊದಲು ಬಂದದ್ದು ಹಾಳು ಹೊಟ್ಟೆಕಿಚ್ಚೇ. ನನ್ನ ಹತ್ತಿರ ಬಾಯಿಬಿಡದ್ದನ್ನು ಈ ಮನುಷ್ಯನಿಗೆ ಹೇಳಿದಳಲ್ಲ!

ಕೊನೆಗೆ ಅವನೇ ಅವಳನ್ನು ಕರೆದುಕೊಂಡು ಹೋದ. ಮನಸ್ಸಿನ ಡಾಕ್ಟರಮ್ಮ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು. "ಇದು ಕಾಯಿಲೆ. ಇಲ್ಲದ ಕುಂದು ಇವರಿಗೆ ನಿಜವಾಗ್ಲೂ ಕಾಣುತ್ತೆ. ಮಾತ್ರೆ ಕೆಲಸ ಮಾಡೋಕೆ ವಾರಗಟ್ಟಲೆ ಬೇಕು. ಕನ್ನಡಿ ನೋಡೋದು ಸ್ವಲ್ಪ ಸ್ವಲ್ಪ ಕಮ್ಮಿ ಮಾಡ್ಬೇಕು, ಮುಖ ಮುಚ್ಚದೆ ಜನರ ಮಧ್ಯೆ ಓಡಾಡೋದು ಕಲೀಬೇಕು. ಇವರು ಕೇಳಿದಾಗೆಲ್ಲ 'ಚೆನ್ನಾಗಿದೀಯ' ಅಂತ ನೀವು ಸಮಾಧಾನ ಹೇಳ್ಬೇಡಿ. ಹೇಳಿದಷ್ಟೂ ಮತ್ತೆ ಮತ್ತೆ ಕೇಳ್ತಾರೆ."

ಮದುವೆಯಾದ ಎಂಟು ವರ್ಷದಲ್ಲಿ ಒಮ್ಮೆಯೂ ಆಡದ 'ಚೆನ್ನಾಗಿದೀಯ' ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದು ನಿಂತಿದ್ದು ಅಂದಿನಿಂದಲೇ.

ಎರಡು ತಿಂಗಳಾದ ಮೇಲೆ, ಒಂದು ಮಧ್ಯಾಹ್ನ, ಅವಳು ಬರಿಮುಖದಲ್ಲಿ ಬೀದಿಯುದ್ದಕ್ಕೂ ನಡೆದು ಅಂಗಡಿಗೆ ಬಂದಳು. ಸ್ಕಾರ್ಫ್ ಕತ್ತಿನಲ್ಲಿತ್ತು, ಹಣೆ ಬೆವರಿತ್ತು. ಕೀ ಮಾಡಿಸಲು ನಿಂತಿದ್ದ ಗಿರಾಕಿ ಕಣ್ಣು ಕೀಳದೆ ಅವಳನ್ನೇ ನೋಡಿದ. ಯಾಕೆ ನೋಡುತ್ತಿದ್ದಾನೆಂದು ಗಂಡನಿಗೆ ಚೆನ್ನಾಗಿ ಗೊತ್ತು. ಅರ ಉಜ್ಜುತ್ತಿದ್ದ ಕೈ ನಿಂತಿತು, ಮೈಯೆಲ್ಲ ಉರಿಯಿತು.

"ಅವ್ರು ನನ್ನ ಮೂಗು ನೋಡ್ತಿದಾರೆ," ಎಂದು ಅವಳು ಪಿಸುಗುಟ್ಟಿದಳು. ಕೈ ಆಗಲೇ ಸ್ಕಾರ್ಫಿಗೆ ಹೋಗಿತ್ತು. ಅವಳು ಮುಚ್ಚಿಕೊಂಡಿದ್ದರೆ ಇವನ ಉರಿಯೂ ಅಲ್ಲಿಗೇ ತಣ್ಣಗಾಗುತ್ತಿತ್ತು.

ಅವನು ಹಲ್ಲು ಕಚ್ಚಿಕೊಂಡು ಹೇಳಿದ: "ನೋಡ್ಲಿ ಬಿಡು."